ಮೊದಲು ಚಿತ್ರ, ಆಮೇಲೆ ಲೆಕ್ಕ: ಆವೇಶಗಳ ನಡುವಿನ ಬಲ ಕಲಿಯುವ ದಾರಿ

ಸೆಕೆಂಡ್ ಪಿಯುಸಿ ಭೌತಶಾಸ್ತ್ರದ ಮೊದಲ ಪಾಠ ವಿದ್ಯುದಾವೇಶಗಳದ್ದು. ಆ ಪಾಠ ನಿಂತಿರುವುದೇ ಎರಡು ಆವೇಶಗಳ (ಚಾರ್ಜ್‌ಗಳ) ನಡುವಿನ ಬಲ ಎಷ್ಟು ಎಂದು ಹೇಳುವ ಕೂಲಂಬ್ ನಿಯಮದ ಮೇಲೆ. ಸೂತ್ರ ಚಿಕ್ಕದು, ಒಂದೇ ದಿನಕ್ಕೆ ಬಾಯಿಪಾಠ ಆಗುತ್ತದೆ. ಆದರೂ ಲೆಕ್ಕಕ್ಕೆ ಕೂತಾಗ ಉತ್ತರ ತಪ್ಪುತ್ತದೆ. ಧಾರವಾಡದಲ್ಲಿ ಪಿಯು ಮಕ್ಕಳಿಗೆ ಈ ಪಾಠ ಹೇಳಿಕೊಡುವ ನನಗೆ ಕಾಣುವುದು ಇಷ್ಟು: ತಪ್ಪು ಗುಣಾಕಾರದಲ್ಲಿ ಇರುವುದು ಕಡಿಮೆ. ಯಾವುದು ಯಾವ ಕಡೆ ತಳ್ಳುತ್ತದೆ, ಯಾವ ಕಡೆ ಎಳೆಯುತ್ತದೆ ಎಂದು ನೋಡದೆ ಸೀದಾ ಸೂತ್ರಕ್ಕೆ ಅಂಕಿ ತುಂಬುತ್ತಾರೆ. ಅಲ್ಲೇ ದಾರಿ ತಪ್ಪುತ್ತದೆ.

ಅದಕ್ಕೆ ನನ್ನ ಮಾತು ಒಂದೇ. ಬಲದ ದಿಕ್ಕನ್ನು ಚಿತ್ರದಿಂದ ತೆಗೆಯಿರಿ, ಬಲದ ಪ್ರಮಾಣವನ್ನು ಸೂತ್ರದಿಂದ ತೆಗೆಯಿರಿ. ಎರಡನ್ನೂ ಕಲಸಬೇಡಿ. ಇದು ಹೇಗೆ ಅನ್ನುವುದನ್ನು ಕೈಯಲ್ಲಿ ಮಾಡುವ ಪ್ರಯೋಗದಿಂದ ಶುರು ಮಾಡಿ, ಲೆಕ್ಕ ಬಿಡಿಸಿ, ಕೊನೆಗೆ ನಿಮ್ಮ ಮನೆಯ ಫುಗ್ಗಾ ಮೇಲೆ ಎಷ್ಟು ಆವೇಶ ಇದೆ ಎಂದು ಅಳೆಯುವವರೆಗೂ ನೋಡೋಣ.

ಕೈಯಲ್ಲಿ ಮಾಡಿ ನೋಡಿ

ಬೇಕಾದದ್ದು ಎರಡು ಫುಗ್ಗಾ, ಹೊಲಿಗೆ ದಾರ, ಒಂದು ಉಣ್ಣೆ ಬಟ್ಟೆ, ಒಂದು ಹಿಡಿ ಚುರುಮುರಿ. ಉಣ್ಣೆಗೆ ಹಳೆಯ ಸ್ವೆಟರ್ ಸಾಕು. ಮನೆಯಲ್ಲಿ ಕುರಿ ಕಂಬಳಿ ಇದ್ದರೆ ಇನ್ನೂ ಚೆನ್ನ. ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಡೆಯ ಕಂಬಳಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹತ್ತಿಯ ಟವೆಲ್ ಬೇಡ. ಬೆಂಗೇರಿಯ ಖಾದಿ ಎಷ್ಟೇ ಒಳ್ಳೆಯದಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಹತ್ತಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಇದ್ದಲ್ಲಿ ಆವೇಶ ನಿಲ್ಲುವುದಿಲ್ಲ.

ಇದೇ ಕಾರಣಕ್ಕೆ ಋತುವನ್ನೂ ನೋಡಬೇಕು. ದೀಪಾವಳಿ ಮುಗಿದ ಮೇಲೆ ಶಿವರಾತ್ರಿವರೆಗೆ ನಮ್ಮ ಕಡೆ ಗಾಳಿ ಒಣಗಿರುತ್ತದೆ. ಆಗ ಪ್ರಯೋಗ ಮಸ್ತ್ ಬರುತ್ತದೆ. ಆದರೆ ಈ ಪಾಠ ನಡೆಯುವುದು ಸಾಮಾನ್ಯವಾಗಿ ಜೂನ್ ಸುಮಾರಿಗೆ, ಧಾರವಾಡಕ್ಕೆ ಮಳೆ ಹಿಡಿಯುವ ಹೊತ್ತಿಗೆ. ಎಲ್ಲ ವಸ್ತುಗಳ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತಿರುತ್ತದೆ. ಆವೇಶ ಅದರ ಮೂಲಕ ಜಾರಿ ಹೋಗುತ್ತದೆ. ಆಗ ಪ್ರಯೋಗ ಕೆಟ್ಟರೆ ನಿಯಮ ಸುಳ್ಳು ಎಂದುಕೊಳ್ಳಬೇಡಿ. ಬಟ್ಟೆ, ಫುಗ್ಗಾ, ದಾರ ಮೂರನ್ನೂ ಬಿಸಿಲು ಬಂದಾಗ ಸ್ವಲ್ಪ ಒಣಗಿಸಿ ಮತ್ತೆ ಮಾಡಿ. ಇಲ್ಲವೇ ನವೆಂಬರ್‌ವರೆಗೆ ಕಾದು, ಪಾಠವನ್ನು ಇನ್ನೊಮ್ಮೆ ಓದುವಾಗ ಮಾಡಿ.

ಒಣ ತಟ್ಟೆಯಲ್ಲಿ ಚುರುಮುರಿ ಹರಡಿ. ಫುಗ್ಗಾವನ್ನು ಊದಿ, ಉಣ್ಣೆಗೆ ಇಪ್ಪತ್ತು ಮೂವತ್ತು ಸಲ ಜೋರಾಗಿ ಉಜ್ಜಿ ತಟ್ಟೆಯ ಮೇಲೆ ಹಿಡಿಯಿರಿ. ನಿಧಾನಕ್ಕೆ ಕೆಳಗೆ ತನ್ನಿ. ಮೊದಲು ಒಂದೆರಡು ಕಾಳು ಅಲುಗಾಡುತ್ತವೆ. ಇನ್ನೊಂಚೂರು ಕೆಳಗೆ ಬಂದರೆ ತುದಿಯ ಮೇಲೆ ಎದ್ದು ನಿಲ್ಲುತ್ತವೆ. ಆಮೇಲೆ ಟಪಟಪ ಹಾರಿ ಫುಗ್ಗಾಕ್ಕೆ ಅಂಟುತ್ತವೆ. ಇಲ್ಲಿಗೆ ನಿಲ್ಲಿಸದೆ ಇನ್ನಷ್ಟು ಹೊತ್ತು ನೋಡುತ್ತಾ ಇರಿ. ಅಂಟಿದ ಕಾಳುಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ದೂರ ಸಿಡಿಯುತ್ತವೆ. ಯಾರೂ ಮುಟ್ಟಿಲ್ಲ, ಗಾಳಿ ಬೀಸಿಲ್ಲ. ಎಳೆದುಕೊಂಡಿದ್ದ ಫುಗ್ಗಾ ಈಗ ಅದನ್ನೇ ದೂಡುತ್ತಿದೆ.

ಇಡೀ ಪಾಠ ಈ ಒಂದು ತಟ್ಟೆಯಲ್ಲಿದೆ. ಉಣ್ಣೆಗೆ ಉಜ್ಜಿದಾಗ ಉಣ್ಣೆಯ ಎಲೆಕ್ಟ್ರಾನುಗಳು ಫುಗ್ಗಾಕ್ಕೆ ಬಂದವು, ಅದು ಋಣ ಆಯಿತು, ಅಂದರೆ ಮೈನಸ್. ಚುರುಮುರಿಯಲ್ಲಿ ಪ್ಲಸ್ ಮೈನಸ್ ಸಮ ಇದೆ, ಒಟ್ಟು ಆವೇಶ ಸೊನ್ನೆ. ಮೈನಸ್ ಫುಗ್ಗಾ ಹತ್ತಿರ ಬಂದಾಗ ಕಾಳಿನೊಳಗಿನ ಮೈನಸ್ ತುಸು ಆಚೆ ಸರಿಯುತ್ತದೆ, ಪ್ಲಸ್ ತುಸು ಈಚೆಗೆ ಉಳಿಯುತ್ತದೆ. ಹತ್ತಿರದ ಪ್ಲಸ್ ಮೇಲಿನ ಎಳೆತ ಜಾಸ್ತಿ, ದೂರದ ಮೈನಸ್ ಮೇಲಿನ ತಳ್ಳುವಿಕೆ ಕಡಿಮೆ. ಆದ್ದರಿಂದ ಕಾಳು ಮೇಲೆ ಹಾರುತ್ತದೆ. ಅಂಟಿಕೊಂಡ ಮೇಲೆ ಫುಗ್ಗಾದ ಮೈನಸ್ ಸ್ವಲ್ಪ ಸ್ವಲ್ಪ ಕಾಳಿಗೆ ಹರಿಯುತ್ತದೆ. ಎರಡೂ ಮೈನಸ್ ಆದ ಗಳಿಗೆಗೆ ಸಿಡಿಯುತ್ತದೆ.

ಇಲ್ಲಿಂದ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಎರಡು ವಸ್ತುಗಳು ಎಳೆದುಕೊಂಡರೆ ಎರಡಕ್ಕೂ ಆವೇಶ ಇದೆ ಎಂದು ಹೇಳಲಾಗದು, ಒಂದಕ್ಕೆ ಇದ್ದರೂ ಎಳೆತ ಬರುತ್ತದೆ. ದೂಡಿಕೊಂಡರೆ ಮಾತ್ರ ಎರಡಕ್ಕೂ ಆವೇಶ ಇದೆ, ಅದೂ ಒಂದೇ ಜಾತಿಯದು. ಒಂದು ಅಂಕದ ಪ್ರಶ್ನೆಗೆ ಇದು ಮತ್ತೆ ಮತ್ತೆ ಬರುತ್ತದೆ.

ದೂರದ ವರ್ಗ ಎಲ್ಲಿಂದ ಬಂತು

ಹತ್ತಿರ ಹೋದಷ್ಟೂ ಬಲ ಜಾಸ್ತಿ ಅನ್ನುವುದನ್ನು ಚುರುಮುರಿ ತೋರಿಸಿತು. ಎಷ್ಟು ಜಾಸ್ತಿ ಅನ್ನುವುದನ್ನು 1785ರಲ್ಲಿ ಅಳೆದು ತೋರಿಸಿದವನು ಫ್ರಾನ್ಸಿನ ಚಾರ್ಲ್ಸ್ ಕೂಲಂಬ್. ಸೇನೆಯಲ್ಲಿ ಎಂಜಿನಿಯರ್ ಆಗಿದ್ದವನು. ಬಹಳ ತೆಳುವಾದ ತಂತಿಗೆ ಒಂದು ಅಡ್ಡಕಡ್ಡಿ ತೂಗುಬಿಟ್ಟು, ಅದರ ತುದಿಗೆ ಹಗುರ ಗುಂಡು ಕೂರಿಸಿದ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಗುಂಡು, ಅದು ಅಲುಗದು. ಎರಡಕ್ಕೂ ಒಂದೇ ಜಾತಿಯ ಆವೇಶ ಕೊಟ್ಟಾಗ ಅವು ದೂಡಿಕೊಂಡು ತಂತಿ ತಿರುಚಿತು. ತಂತಿ ಎಷ್ಟು ಡಿಗ್ರಿ ತಿರುಚಿತೋ ಬಲ ಅಷ್ಟು.

ಅವನ ಅಳತೆಯನ್ನು ನೀವೇ ನೋಡಿ. ಮೊದಲು ಗುಂಡುಗಳು 36 ಡಿಗ್ರಿ ದೂರ ನಿಂತವು, ತಂತಿಯ ತಿರುಚು 36. ತಂತಿಯ ಮೇಲ್ತುದಿಯಲ್ಲಿರುವ ತಿರುಗಿಸುವ ಹಿಡಿಯನ್ನು 126 ಡಿಗ್ರಿ ತಿರುಗಿಸಿ ಗುಂಡುಗಳನ್ನು ಹತ್ತಿರ ತಂದಾಗ ಅಂತರ 18 ಡಿಗ್ರಿಗೆ ಇಳಿಯಿತು. ಒಟ್ಟು ತಿರುಚು 126 ಮತ್ತು 18, ಅಂದರೆ 144. 567 ಡಿಗ್ರಿ ತಿರುಗಿಸಿದಾಗ ಅಂತರ ಎಂಟೂವರೆ ಡಿಗ್ರಿ, ಒಟ್ಟು ತಿರುಚು 575.5. ದೂರ ಅರ್ಧ ಆದಾಗ ಬಲ 36ರಿಂದ 144, ಸರಿಯಾಗಿ ನಾಲ್ಕು ಪಟ್ಟು. ದೂರ ಹೆಚ್ಚುಕಡಿಮೆ ಕಾಲು ಭಾಗ ಆದಾಗ ಬಲ ಹದಿನಾರು ಪಟ್ಟು. ದೂರದ ವರ್ಗ ಪುಸ್ತಕಕ್ಕೆ ಬಂದದ್ದು ಹೀಗೆ.

ಈಗ ಸೂತ್ರ:

ಬಲ = ಕೆ × ಮೊದಲ ಆವೇಶ × ಎರಡನೇ ಆವೇಶ ÷ (ದೂರ × ದೂರ)

ಆವೇಶ ಕೂಲಂಬ್‌ನಲ್ಲಿ, ದೂರ ಮೀಟರ್‌ನಲ್ಲಿ, ಬಲ ನ್ಯೂಟನ್‌ನಲ್ಲಿ. ಕೆ ಅನ್ನುವ ಸ್ಥಿರಾಂಕ 8.99 × 10⁹. ಲೆಕ್ಕಕ್ಕೆ 9 × 10⁹ ಸಾಕು. ಇದು ನಿರ್ವಾತಕ್ಕೆ, ಗಾಳಿಗೂ ನಡೆಯುತ್ತದೆ. ನೀರಿನಲ್ಲಾದರೆ ಬಲ ಸುಮಾರು 80ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಉಪ್ಪಿನ ಹರಳಿನ ಪ್ಲಸ್ ಮೈನಸ್ ಅಯಾನುಗಳು ನೀರಿನಲ್ಲಿ ಒಂದನ್ನೊಂದು ಬಿಟ್ಟು ಕರಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಒಂದರ ಮೇಲೆ 8 ಮೈಕ್ರೋಕೂಲಂಬ್ (ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ), ಇನ್ನೊಂದರ ಮೇಲೆ 1 ಇದ್ದರೆ ದೊಡ್ಡದು ಜಾಸ್ತಿ ತಳ್ಳುತ್ತದೆ ಎಂದು ಅನೇಕರು ಬರೆಯುತ್ತಾರೆ. ಹಾಗಿಲ್ಲ. ಎರಡರ ಮೇಲೂ ಒಂದೇ ಪ್ರಮಾಣದ ಬಲ, ದಿಕ್ಕು ಮಾತ್ರ ಎದುರು ಬದುರು. ಸೂತ್ರದಲ್ಲಿ ಎರಡೂ ಆವೇಶಗಳ ಗುಣಾಕಾರ ಇದೆ ಅಲ್ವಾ? ಅದು ಯಾರ ಕಡೆಯಿಂದ ನೋಡಿದರೂ ಒಂದೇ.

ಒಂದು ಕೂಲಂಬ್ ಎಂದರೆ ಎಷ್ಟು

ಉತ್ತರ ಬಂದ ಮೇಲೆ ಅದು ಸರಿ ಇರಬಹುದೇ ಎಂದು ಊಹಿಸಲು ಪ್ರಮಾಣದ ಅಂದಾಜು ಬೇಕು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದರ ಒಂದು ತುದಿಗೆ ಒಂದು ಕೂಲಂಬ್, ಇನ್ನೊಂದು ತುದಿಗೆ ಒಂದು ಕೂಲಂಬ್ ಇಟ್ಟೆವು ಎಂದುಕೊಳ್ಳಿ. 1,507ರ ವರ್ಗ ಸುಮಾರು 22.7 ಲಕ್ಷ. 9 × 10⁹ ಅನ್ನು ಅದರಿಂದ ಭಾಗಿಸಿದರೆ ಸುಮಾರು 3,960 ನ್ಯೂಟನ್. ಅಂದರೆ 400 ಕಿಲೋ ಭಾರದಷ್ಟು ಬಲ, ಒಂದೂವರೆ ಕಿಲೋಮೀಟರ್ ದೂರದಿಂದ.

ಒಂದನ್ನು ಹುಬ್ಬಳ್ಳಿಯಲ್ಲಿ, ಇನ್ನೊಂದನ್ನು ಧಾರವಾಡದಲ್ಲಿ ಇಡಿ. ಸುಮಾರು 20 ಕಿಲೋಮೀಟರ್, ಅಂದರೆ 20,000 ಮೀಟರ್. ವರ್ಗ 4 × 10⁸. ಬಲ 22.5 ನ್ಯೂಟನ್, ಎರಡೂಕಾಲು ಕಿಲೋ ಜೋಳವನ್ನು ಕೈಯಲ್ಲಿ ಹಿಡಿದಷ್ಟು. ಧಾರವಾಡದ್ದನ್ನು ತೆಗೆದು ಗದಗಕ್ಕೆ ಒಯ್ದರೆ, ದೂರ 60 ಕಿಲೋಮೀಟರ್ ಎಂದು ಹಿಡಿಯಿರಿ, ದೂರ ಮೂರು ಪಟ್ಟು. ಬಲ ಒಂಬತ್ತನೇ ಒಂದು ಭಾಗ, ಎರಡೂವರೆ ನ್ಯೂಟನ್. ಸೂತ್ರಕ್ಕೆ ಮತ್ತೆ ಅಂಕಿ ತುಂಬಲೇ ಇಲ್ಲ ನೋಡಿ. ಇಂಥ ಲೆಕ್ಕಗಳನ್ನು ಹೀಗೆ ಪಟ್ಟಿನಿಂದಲೇ ಮಾಡಿ, ಸಿಇಟಿಯಲ್ಲಿ ಎಷ್ಟೋ ಹೊತ್ತು ಉಳಿಯುತ್ತದೆ.

ಒಂದು ಕೂಲಂಬ್ ಆಗಲು 6.25 × 10¹⁸ ಎಲೆಕ್ಟ್ರಾನು ಬೇಕು. ಒಂದು ಜಾಗದಲ್ಲಿ ಅಷ್ಟನ್ನು ಒಟ್ಟುಮಾಡುವುದು ಬಲು ಕಷ್ಟ. ಹಾಗಾದರೆ ಮೊಬೈಲ್ ಚಾರ್ಜರ್ ತಂತಿಯಲ್ಲಿ ಸೆಕೆಂಡಿಗೆ ಒಂದೆರಡು ಕೂಲಂಬ್ ಹರಿಯುತ್ತದಲ್ಲ, ಅದು ಹೇಗೆ ಎಂದು ಜಾಣ ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳ ಜೊತೆಗೇ ಅಷ್ಟೇ ಪ್ಲಸ್ ಆವೇಶ ತಾಮ್ರದ ಪರಮಾಣುಗಳಲ್ಲಿ ಕೂತಿರುತ್ತದೆ. ಒಟ್ಟು ಹೆಚ್ಚುಕಡಿಮೆ ಸೊನ್ನೆ, ಹೊರಗೆ ಬಲ ಕಾಣಿಸುವುದಿಲ್ಲ. ಫುಗ್ಗಾದಲ್ಲಿ ಇರುವುದು ಲೆಕ್ಕ ತಪ್ಪಿದ ಹೆಚ್ಚುವರಿ ಮೈನಸ್, ಅದು ಬಹಳ ಸ್ವಲ್ಪ. ಆದ್ದರಿಂದಲೇ ನಮ್ಮ ಲೆಕ್ಕಗಳಲ್ಲಿ ಮೈಕ್ರೋ, ನ್ಯಾನೋ ಬರುತ್ತವೆ. ಮೈಕ್ರೋ ಎಂದರೆ 10⁻⁶, ನ್ಯಾನೋ ಎಂದರೆ 10⁻⁹.

ಲೆಕ್ಕ ಬಿಡಿಸುವ ಕ್ರಮ

ಒಂದೇ ಲೆಕ್ಕವನ್ನು ಪೂರ್ತಿ ಬಿಡಿಸೋಣ. ಒಂದು ಗೆರೆಯ ಮೇಲೆ ಮೂರು ಆವೇಶ. ಎಡಗಡೆ ಮೊದಲನೆಯದು +4 ಮೈಕ್ರೋಕೂಲಂಬ್. ಅದರಿಂದ 30 ಸೆಂ.ಮೀ. ಬಲಕ್ಕೆ ಎರಡನೆಯದು, +3. ಅದರಿಂದ ಇನ್ನೂ 20 ಸೆಂ.ಮೀ. ಬಲಕ್ಕೆ ಮೂರನೆಯದು, −5. ನಡುವಿನ ಆವೇಶದ ಮೇಲೆ ಒಟ್ಟು ಬಲ ಎಷ್ಟು?

ಪೆನ್ಸಿಲ್ ಹಿಡಿಯಿರಿ. ಗೆರೆ ಎಳೆದು ಮೂರು ಚುಕ್ಕೆ ಇಡಿ. ಪ್ರತಿ ಚುಕ್ಕೆಯ ಮೇಲೆ ಚಿಹ್ನೆ ಸಮೇತ ಆವೇಶ ಬರೆಯಿರಿ, ನಡುವೆ ದೂರ ಬರೆಯಿರಿ. ಯಾವುದರ ಮೇಲಿನ ಬಲ ಕೇಳಿದ್ದಾರೋ ಅದಕ್ಕೆ ಸುತ್ತು ಹಾಕಿ. ಬಾಣ ಹಾಕುವುದು ಸುತ್ತು ಹಾಕಿದ ಚುಕ್ಕೆಯಿಂದ ಮಾತ್ರ, ಬೇರೆ ಎಲ್ಲಿಂದಲೂ ಅಲ್ಲ.

ಈಗ ಒಂದೊಂದನ್ನೇ ಕೇಳಿ. ಎಡಗಡೆಯ +4 ಏನು ಮಾಡುತ್ತದೆ? ಪ್ಲಸ್‌ಗೆ ಪ್ಲಸ್, ತಳ್ಳುತ್ತದೆ. ಎಡದಿಂದ ತಳ್ಳಿದರೆ ಬಾಣ ಬಲಕ್ಕೆ. ಬಲಗಡೆಯ −5 ಏನು ಮಾಡುತ್ತದೆ? ಪ್ಲಸ್‌ಗೆ ಮೈನಸ್, ಎಳೆಯುತ್ತದೆ. ಬಲಗಡೆಯಿಂದ ಎಳೆದರೆ ಬಾಣ ಮತ್ತೂ ಬಲಗಡೆಗೇ. ಎರಡೂ ಬಾಣ ಒಂದೇ ಕಡೆ. ಹಾಗಾದರೆ ಕೂಡಿಸಬೇಕು. ಇಲ್ಲಿಯವರೆಗೆ ಸೂತ್ರವನ್ನು ಮುಟ್ಟಿಯೇ ಇಲ್ಲ. ಚಿಹ್ನೆಗಳ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಮೈನಸ್ ಬರೆಯುವ ಹಾಗಿಲ್ಲ.

ಆಮೇಲೆ ಅಳತೆಗಳನ್ನು ಬದಲಿಸಿ. 4 ಮೈಕ್ರೋಕೂಲಂಬ್ 4 × 10⁻⁶ ಕೂಲಂಬ್. 30 ಸೆಂ.ಮೀ. 0.3 ಮೀಟರ್, ಅದರ ವರ್ಗ 0.09. 20 ಸೆಂ.ಮೀ. 0.2 ಮೀಟರ್, ವರ್ಗ 0.04. ವರ್ಗವನ್ನು ಈಗಲೇ ಮಾಡಿ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ. ಭಾಗಿಸುವಾಗ 0.3 ಎಂದು ಬಿಟ್ಟುಬಿಡುವುದು ತುಂಬಾ ಸುಲಭ.

ಮೊದಲನೆಯದರಿಂದ: 9 × 10⁹ × 4 × 10⁻⁶ × 3 × 10⁻⁶ = 0.108. ಅದನ್ನು 0.09ರಿಂದ ಭಾಗಿಸಿದರೆ 1.2 ನ್ಯೂಟನ್.

ಮೂರನೆಯದರಿಂದ: 9 × 10⁹ × 3 × 10⁻⁶ × 5 × 10⁻⁶ = 0.135. ಅದನ್ನು 0.04ರಿಂದ ಭಾಗಿಸಿದರೆ 3.375 ನ್ಯೂಟನ್.

ಒಟ್ಟು 4.575 ನ್ಯೂಟನ್, ಬಲಕ್ಕೆ.

ಚಿತ್ರ ಬಿಡಿಸದೆ ಚಿಹ್ನೆ ಸಮೇತ ಸೂತ್ರಕ್ಕೆ ತುಂಬಿದ್ದರೆ? ಮೊದಲನೆಯದರಿಂದ +1.2, ಮೂರನೆಯದರಿಂದ −3.375. ಕೂಡಿಸಿದರೆ −2.175. ನೋಡಲು ಅಚ್ಚುಕಟ್ಟಾದ ಉತ್ತರ, ಆದರೆ ಪೂರ್ತಿ ತಪ್ಪು. ಸೂತ್ರದಲ್ಲಿ ಬರುವ ಮೈನಸ್ ಎಳೆತ ಇದೆ ಎಂದಷ್ಟೇ ಹೇಳುತ್ತದೆ, ಎಡಕ್ಕೆ ಎಂದು ಹೇಳುವುದಿಲ್ಲ. ಎಳೆಯುವವನು ಬಲಗಡೆ ಇದ್ದರೆ ಎಳೆತ ಬಲಕ್ಕೇ. ಈ ಒಂದು ಸಾಲು ಅರ್ಥವಾದರೆ ಈ ಪಾಠದ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಮನೆಯಲ್ಲಿ ಕೂತು ಮಕ್ಕಳ ಲೆಕ್ಕ ನೋಡುವ ಅಪ್ಪ ಅಮ್ಮಂದಿರಿಗೂ ನನ್ನ ವಿನಂತಿ: ಉತ್ತರ ನೋಡುವ ಮೊದಲು ಬಾಣ ಎಲ್ಲಿದೆ ಎಂದು ಕೇಳಿ.

ಉಳಿದ ನಮೂನೆಗಳು

ಸಮಬಾಹು ತ್ರಿಭುಜದ ಮೂರು ಮೂಲೆಗೆ ಒಂದೇ ಸಮ ಆವೇಶ ಇಟ್ಟರೆ, ಒಂದರ ಮೇಲೆ ಎರಡು ಸಮ ಬಲಗಳು 60 ಡಿಗ್ರಿ ಕೋನದಲ್ಲಿ ಬರುತ್ತವೆ. ಒಟ್ಟು ಬಲ ಒಂದು ಬಲದ √3 ಪಟ್ಟು, ದಿಕ್ಕು ತ್ರಿಭುಜದ ಹೊರಕ್ಕೆ. ಬಾಣ ಹಾಕಿದ್ದರೆ ದಿಕ್ಕು ನೋಡಿದ ಕೂಡಲೇ ಗೊತ್ತಾಗುತ್ತದೆ.

ಒಂದೇ ಅಳತೆಯ ಎರಡು ಲೋಹದ ಗುಂಡುಗಳನ್ನು ಮುಟ್ಟಿಸಿ ಮತ್ತೆ ಅದೇ ದೂರದಲ್ಲಿ ಇಟ್ಟರು ಅನ್ನುವ ಲೆಕ್ಕ ಬಂದರೆ ಮೊದಲು ಆವೇಶ ಹಂಚಿ. +6 ಮತ್ತು −2 ಇದ್ದರೆ ಒಟ್ಟು +4, ಒಂದಕ್ಕೆ +2. ಮೊದಲು ಗುಣಲಬ್ಧ 12 ಇತ್ತು, ಈಗ 4. ಎಳೆತ ಹೋಗಿ ತಳ್ಳುವಿಕೆ ಬಂತು, ಪ್ರಮಾಣ ಮೂರನೇ ಒಂದು ಭಾಗ ಆಯಿತು. ಇಲ್ಲಿ ಮಾತ್ರ ಕೂಡಿಸುವಾಗ ಚಿಹ್ನೆ ಬೇಕು, ಏಕೆಂದರೆ ಕೂಡಿಸುತ್ತಿರುವುದು ಆವೇಶವನ್ನು.

ಬಲ ಸೊನ್ನೆ ಆಗುವ ಜಾಗ ಹುಡುಕುವ ಲೆಕ್ಕಕ್ಕೂ ಚಿತ್ರವೇ ಗತಿ. +1 ಮತ್ತು +4 ಮೈಕ್ರೋಕೂಲಂಬ್ 30 ಸೆಂ.ಮೀ. ದೂರದಲ್ಲಿವೆ. ಮೂರನೇ ಆವೇಶವನ್ನು ನಡುವೆ ಇಟ್ಟರೆ ಮಾತ್ರ ಬಾಣಗಳು ಎದುರು ಬದುರಾಗುತ್ತವೆ. ನಾಲ್ಕರ ವರ್ಗಮೂಲ ಎರಡು. ಆದ್ದರಿಂದ ದೊಡ್ಡದರಿಂದ ದೂರ ಚಿಕ್ಕದರ ದೂರದ ಎರಡು ಪಟ್ಟು ಇರಬೇಕು: ಚಿಕ್ಕದರಿಂದ 10, ದೊಡ್ಡದರಿಂದ 20 ಸೆಂ.ಮೀ. ಅವು +1 ಮತ್ತು −4 ಆಗಿದ್ದರೆ ನಡುವೆ ಎಲ್ಲಿಟ್ಟರೂ ಎರಡೂ ಬಾಣ ಒಂದೇ ಕಡೆ. ಆಗ ಆ ಜಾಗ ಹೊರಗೆ, ಚಿಕ್ಕದರ ಆಚೆಗೆ 30 ಸೆಂ.ಮೀ. ದೂರದಲ್ಲಿ.

ಫುಗ್ಗಾದ ಆವೇಶ ಅಳೆಯಿರಿ

ಇದನ್ನು ಬಿಡಬೇಡಿ. ಪುಸ್ತಕದ ಸೂತ್ರವನ್ನು ನೀವೇ ಅಳೆದ ಅಂಕಿಗಳ ಮೇಲೆ ಹಾಕುವುದು ಇಲ್ಲಿಯೇ.

ಹತ್ತು ಖಾಲಿ ಫುಗ್ಗಾಗಳನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಹತ್ತರಿಂದ ಭಾಗಿಸಿ. ಒಂದು 2 ಗ್ರಾಂ ಬಂತು ಎಂದುಕೊಳ್ಳೋಣ. ಒಳಗಿನ ಗಾಳಿಯ ತೂಕ ಹಿಡಿಯಬೇಕಿಲ್ಲ, ಸುತ್ತಲಿನ ಗಾಳಿ ಅದನ್ನು ಹೆಚ್ಚುಕಡಿಮೆ ಎತ್ತಿ ಹಿಡಿದಿರುತ್ತದೆ. ಎರಡನ್ನು ಸುಮಾರು 20 ಸೆಂ.ಮೀ. ಅಗಲಕ್ಕೆ ಊದಿ. ಒಂದೇ ಬಿಂದುವಿನಿಂದ ಎರಡನ್ನೂ ತೂಗುಬಿಡಿ, ದಾರದ ಮೇಲ್ತುದಿಯಿಂದ ಫುಗ್ಗಾದ ನಡುಭಾಗಕ್ಕೆ ಒಂದು ಮೀಟರ್ ಇರಲಿ. ಕೋಣೆಯ ನಡುವೆ ಬಟ್ಟೆ ಒಣಹಾಕುವ ಹಗ್ಗ ಇದ್ದರೆ ಅದೇ ಸಾಕು. ಗೋಡೆಯ ಹತ್ತಿರ ಬೇಡ, ಚುರುಮುರಿಯ ಹಾಗೆ ಗೋಡೆಯೂ ಫುಗ್ಗಾವನ್ನು ಎಳೆಯುತ್ತದೆ. ಫ್ಯಾನ್ ಆರಿಸಿ.

ಗಂಟಿನ ಹತ್ತಿರ ಹಿಡಿದು ಎರಡನ್ನೂ ಸುತ್ತಲೂ ಒಂದೇ ಸಮ ಉಜ್ಜಿ. ಮೆಲ್ಲಗೆ ಬಿಟ್ಟು ಹಿಂದೆ ಸರಿಯಿರಿ. ಅವು ದೂಡಿಕೊಂಡು ದೂರ ನಿಲ್ಲುತ್ತವೆ. ಅಳೆಯಲು ಕೈ ಚಾಚಬೇಡಿ, ಕೈಯ ಕಡೆಗೂ ವಾಲುತ್ತವೆ. ಅದೇ ಸಾಲಿನಲ್ಲಿ ಸ್ವಲ್ಪ ಕೆಳಗೆ ಒಂದು ಸ್ಕೇಲ್ ಇಟ್ಟು ನೇರ ಎದುರಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಫೋಟೊ ನೋಡಿ ಎರಡರ ನಡುಭಾಗಗಳ ಅಂತರ ಅಳೆಯಿರಿ.

ಅಂತರ 40 ಸೆಂ.ಮೀ. ಬಂತು ಎನ್ನಿ. ಪ್ರತಿ ಫುಗ್ಗಾ ಪಕ್ಕಕ್ಕೆ ಸರಿದದ್ದು 20. ದಾರ 100 ಸೆಂ.ಮೀ., ಆದ್ದರಿಂದ ಕೆಳಕ್ಕೆ ಇರುವ ಎತ್ತರ ಪೈಥಾಗರಸ್ ಪ್ರಕಾರ 98. ಪಕ್ಕದ ಬಲಕ್ಕೂ ಭಾರಕ್ಕೂ ಇರುವ ಅನುಪಾತ 20ಕ್ಕೂ 98ಕ್ಕೂ ಇರುವ ಅನುಪಾತವೇ, ಅಂದರೆ 0.204. ಭಾರ 0.002 × 9.8 = 0.0196 ನ್ಯೂಟನ್. ಬಲ 0.004 ನ್ಯೂಟನ್.

ಈಗ ಕೂಲಂಬ್ ಸೂತ್ರವನ್ನು ತಿರುಗಿಸಿ. ಎರಡೂ ಆವೇಶ ಸಮ ಎಂದು ಹಿಡಿದರೆ, ಆವೇಶದ ವರ್ಗ = 0.004 × 0.16 ÷ (9 × 10⁹), ಸುಮಾರು 7.1 × 10⁻¹⁴. ವರ್ಗಮೂಲ 2.7 × 10⁻⁷ ಕೂಲಂಬ್, ಕಾಲು ಮೈಕ್ರೋಕೂಲಂಬ್‌ಗಿಂತ ತುಸು ಜಾಸ್ತಿ. ಒಂದು ಎಲೆಕ್ಟ್ರಾನಿನ ಆವೇಶ 1.6 × 10⁻¹⁹ ಕೂಲಂಬ್. ಭಾಗಿಸಿದರೆ ಸುಮಾರು 1.7 × 10¹². ಒಂದೂಮುಕ್ಕಾಲು ಲಕ್ಷ ಕೋಟಿ ಎಲೆಕ್ಟ್ರಾನುಗಳು ನಿಮ್ಮ ಕಂಬಳಿಯಿಂದ ಆ ಫುಗ್ಗಾಕ್ಕೆ ದಾಟಿವೆ.

ಕೂಲಂಬ್ ನಿಯಮ ಸರಿಯಾಗಿ ಹೊಂದುವುದು ಬಿಂದುವಿನಷ್ಟು ಚಿಕ್ಕ ಆವೇಶಗಳಿಗೆ. ಫುಗ್ಗಾ ದೊಡ್ಡದು, ಉಜ್ಜಿದ ಕಡೆ ಆವೇಶ ಜಾಸ್ತಿ ಕೂತಿರುತ್ತದೆ, ಎರಡರ ಮೇಲೂ ಸರಿಸಮ ಇರುವುದೂ ಅನುಮಾನ. ಆದ್ದರಿಂದ ಇದನ್ನು ಅಂದಾಜು ಎಂದೇ ತಿಳಿಯಿರಿ. ದಶಮಾಂಶದ ಮುಂದೆ ಉದ್ದುದ್ದ ಅಂಕಿ ಬರೆಯುವುದರಲ್ಲಿ ಅರ್ಥವಿಲ್ಲ.

ಫುಗ್ಗಾಗಳನ್ನು ಹಾಗೇ ತೂಗಲು ಬಿಟ್ಟು ಸ್ವಲ್ಪ ಹೊತ್ತಿಗೊಮ್ಮೆ ಫೋಟೊ ತೆಗೆಯುತ್ತಾ ಹೋಗಿ. ಆವೇಶ ಗಾಳಿಗೆ, ದಾರಕ್ಕೆ ಸೋರಿ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಅಂತರ 30 ಸೆಂ.ಮೀ.ಗೆ ಇಳಿದಾಗ ಇದೇ ಲೆಕ್ಕ ಮಾಡಿದರೆ ಆವೇಶ 1.7 × 10⁻⁷ ಕೂಲಂಬ್. ಅಂತರ ಕಾಲು ಭಾಗ ಕಡಿಮೆಯಾಗುವಷ್ಟರಲ್ಲಿ ಆವೇಶ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿದೆ. ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಈ ಅಳತೆ ಮಾಡಿ, ವೇಳೆ ಮತ್ತು ಆವೇಶದ ನಕ್ಷೆಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದು ಹೋಲಿಸಿ.